ಮದ್ಯಕ್ಕೆ ಮದ್ದು

ಕೋಲಾರದ ಚಿನ್ನದ ಗಣಿಗಳು ನಮ್ಮ ನಾಡಿನ ಹೆಮ್ಮೆಯಾಗಿದ್ದವು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆಳ ಹೆಚ್ಚಿದಂತೆ ಶ್ರಮವೂ ವೆಚ್ಚವೂ ಹೆಚ್ಚಿದವು. ಟನ್ನು ಅದಿರಿಗೆ ದೊರೆಯುವ ಚಿನ್ನ ಮಾತ್ರ ಕುಗ್ಗುತ್ತ ಬಂದಿತು. ಕೊನೆಗೆ 2001ರಲ್ಲಿ ಗಣಿಗಳು ಮುಚ್ಚಿದವು. ಕುಡಿತದ ವ್ಯಸನವೂ ಇಂತಹುದೇ ಒಂದು ಗಣಿ. ಕುಡಿತದ ಅಳತೆ ಏರುತ್ತದೆ, ಸುಖ ಇಳಿಯುತ್ತದೆ. ಆದರೂ ವ್ಯಸನಿಯು ಅಗೆಯುವುದನ್ನು ಬಿಡಲಾರ.

ಇದಕ್ಕೆ ಕಾರಣ ಮಿದುಳಿನಲ್ಲಿದೆ. ಹಸಿದವನಿಗೆ ಅನ್ನ ದೊರೆತಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವು ಸ್ರವಿಸುತ್ತದೆ. ಇದನ್ನು ಮರೆಯಬೇಡ, ಮತ್ತೆ ಅರಸು ಎಂದು ಅದು ಪಾಠ ಕಲಿಸುತ್ತದೆ. ಮದ್ಯವು ಎಂಡಾರ್ಫಿನ್ ಎಂಬ ವಸ್ತುಗಳನ್ನು ಹೊಮ್ಮಿಸಿ, ಅವುಗಳ ಮೂಲಕ ಡೋಪಮೈನನ್ನು ಹೆಚ್ಚಿಸುತ್ತದೆ. ಹೀಗೆ ಅನ್ನಕ್ಕಾಗಿ ಇದ್ದ ಪಾಠವನ್ನು ಮಿದುಳು ವಿಷಕ್ಕೂ ಕಲಿಯುತ್ತದೆ.

ನಾಲ್ಟ್ರೆಕ್ಸೋನ್ ಎಂಬ ಔಷಧವು ಎಂಡಾರ್ಫಿನ್ ನೆಲೆಸಬೇಕಾದ ಸ್ಥಾನಗಳನ್ನು ತಾನೇ ಆಕ್ರಮಿಸುತ್ತದೆ. ಬೀಗದಲ್ಲಿ ಬೇರೊಂದು ಕೀಲಿ ಕುಳಿತಿದ್ದರೆ ನಿಜವಾದ ಕೀಲಿ ಒಳಹೋಗುವುದೆಂತು? ಕುಡಿದರೂ ಹಿಂದಿನ ಹಿತ ದೊರೆಯದು. ಹಂಬಲವು ಕ್ರಮೇಣ ತಗ್ಗುತ್ತದೆ. ಅಮೆರಿಕವು 1994ರಲ್ಲಿ ಇದನ್ನು ಮದ್ಯವ್ಯಸನದ ಚಿಕಿತ್ಸೆಗೆ ಅಂಗೀಕರಿಸಿತು. ಇದು ಎಲ್ಲರಿಗೂ ಒಂದೇ ಬಗೆಯಾಗಿ ಫಲಿಸದು. ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದೂ ಅಲ್ಲ.

ಕುಡುಕನಿಗೆ ಬೇಕಾದುದು ಮನೋಬಲ, ಮಾತ್ರೆಯಲ್ಲ ಎನ್ನುವವರುಂಟು. ಮಧುಮೇಹಿಗೆ ಯಾರೂ ಹಾಗೆನ್ನುವುದಿಲ್ಲ. ಮಿದುಳು ಸಹ ದೇಹದ ಒಂದು ಅಂಗವೇ ಅಲ್ಲವೇ? ನಿಂದೆಗೆ ಅಂಜಿದ ರೋಗಿಯು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. 2007ರಲ್ಲಿ ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿತು. ಆದರೆ ಒಂದು ಪಾನೀಯವನ್ನು ನಿಷೇಧಿಸಿದ ಮಾತ್ರಕ್ಕೆ ಹಂಬಲವು ಅಳಿಯಲಿಲ್ಲ.

ಗಣಿಗಳು ಮುಚ್ಚಿದ ಮೇಲೆ ಆ ಊರಿನ ಅನೇಕರು ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ವ್ಯಸನಮುಕ್ತಿಯ ಚಿಕಿತ್ಸೆ ನೀಡುವ ನಿಮ್ಹಾನ್ಸ್ ಸಂಸ್ಥೆಯೂ ಬೆಂಗಳೂರಿನಲ್ಲಿಯೇ ಇದೆ. ಆದರೆ ದಿನಗೂಲಿಯವನು ಕೂಲಿಯನ್ನು ಕಳೆದುಕೊಂಡು ಎಷ್ಟು ಬಾರಿ ಅಲ್ಲಿಗೆ ಹೋದಾನು? ಇಂತಹ ಚಿಕಿತ್ಸೆಯು ರೋಗಿಯ ಊರಿನ ಆಸ್ಪತ್ರೆಯಲ್ಲಿಯೇ, ಕೈಗೆಟುಕುವಂತೆ ದೊರೆಯಬೇಕು.

ಔಷಧವು ಹಂಬಲವನ್ನು ಮಂದಗೊಳಿಸಬಲ್ಲದು. ಕಳೆದುಹೋದ ಉದ್ಯೋಗವನ್ನಾಗಲಿ, ಮನೆಯವರ ವಿಶ್ವಾಸವನ್ನಾಗಲಿ ತಂದುಕೊಡಲಾರದು. ಅವನ್ನು ಕೊಡಬೇಕಾದುದು ಸಮಾಜ. ಗಣಿಯ ಆಳದಲ್ಲಿ ಸಿಲುಕಿದವನನ್ನು ಮೇಲೆತ್ತಲು ಹಗ್ಗ ಬೇಕು. ಆ ಹಗ್ಗವನ್ನು ಹಿಡಿದೆಳೆಯುವ ಕೈಗಳೂ ಬೇಕು.