ಹೊಲಿಗೆ ಹಾಕಿಸಿಕೊಂಡ ಬಾಣಂತಿ

"ನಿಂಗೇನಮ್ಮ, ನೋವೇ ತಿನ್ನದೆ ಹೆತ್ತೆ!" ಸಿಸೇರಿಯನ್ ಆದವರೆಲ್ಲ ಈ ಮಾತು ಕೇಳಿರ್ತೀರಿ. ನಾನೂ ಕೇಳಿದ್ದೇನೆ. ಹೊಟ್ಟೆ, ಗರ್ಭಕೋಶ ಎರಡನ್ನೂ ಕೊಯ್ದು ಹೊಲಿದಿರ್ತಾರೆ ಸ್ವಾಮಿ... 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ನಮ್ಮ ಮಾತು ಮಾತ್ರ ಬದಲಾಗಿಲ್ಲ.

ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗೋದೇ ಇಲ್ಲ. ಹೊಲಿಗೆ ಜಾಗ ಒದ್ದೆಯಾಗೇ ಇದ್ರೆ ಕೀವಾಗಬಹುದು. ಹಾಗಾಗಿ ಒಲೆ ಮೇಲೆ ಒಣಗಿದ ಹತ್ತಿ ಬಟ್ಟೆ ಮೊದಲು ಬಾಣಂತಿಗೆ. ಹೊಟ್ಟೆ ಬಿಗಿಯೋದು, ಎಣ್ಣೆ ತಿಕ್ಕೋದು ಡಾಕ್ಟರನ್ನ ಕೇಳಿಯೇ. ಬಾಯಾರಿದಾಗ ನೀರು ಬೇಡ ಅನ್ನಬೇಡಿ. ಮೆಲ್ಲಗೆ ಓಡಾಡಲಿ, ಆದರೆ ಆರು ವಾರ ಮಗುವಿಗಿಂತ ಭಾರದ್ದು ಎತ್ತಬಾರದು. ಜ್ವರ, ಕೀವು, ಹೆಚ್ಚು ರಕ್ತಸ್ರಾವ, ಒಂದು ಕಾಲು ಊದಿ ನೋವು ಬಂದರೆ ಅವತ್ತೇ ಆಸ್ಪತ್ರೆಗೆ.

ಹೇಳೋದು ಸುಲಭ. ಕಾಫಿ ತೋಟದ ಲೈನ್ ಮನೆಯಲ್ಲಿ ನೀರಿನ ಕೊಡ ಎತ್ತೋರು ಯಾರು? 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ, ತೋಟದವರಿಗೂ. ಆದರೆ ಹೆರಿಗೆಗೆ ಮುಂಚಿನ ವರ್ಷದಲ್ಲಿ 80 ದಿನದ ಕೆಲಸ ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳು ಏನು ತೋರಿಸ್ತಾಳೆ?

ನನ್ನ ಕೇಳಿದ್ರೆ, ಬಾಣಂತಿಗೆ ಲೇಹ್ಯಕ್ಕಿಂತ ಮೊದಲು ಬೇಕಿರೋದು ಕೊಡ ಎತ್ತುವ ಇನ್ನೊಂದು ಜೊತೆ ಕೈ. ನೀವೇನಂತೀರಿ?