ಹಾಡು ಕಿವಿಗೋ, ಮನೆಗೋ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಬೆಳಗಿನ ಬಸ್ಸು ಹತ್ತಿ ನೋಡಿ, ಕಾಲೇಜು ಹುಡುಗರ ಕಿವಿಗಳೆಲ್ಲ ಭರ್ತಿ! 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಹಚ್ಚಿದ ಗೀಳು ಇದು.

ಪಾಲಕರು ಸಿಡುಕುತ್ತಾರೆ. ಆದರೆ ಎರಡೇ ಕೋಣೆಯ ಮನೆಯಲ್ಲಿ ತಂಗಿ ಪರೀಕ್ಷೆಗೆ ಓದುತ್ತಿರುವಾಗ ಸ್ಪೀಕರ್ ಹಚ್ಚುವುದಕ್ಕಿಂತ ಹೆಡ್‌ಫೋನೇ ಲೇಸು.

ತಂಟೆ ಇರುವುದು ಬಸ್ಸಿನಲ್ಲಿ. ಎಂಜಿನ್ನಿನ ಗದ್ದಲ ಮೀರಿಸಲು ಕೈ ತಾನಾಗಿಯೇ ದನಿ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೇರಿದರೆ 4 ಗಂಟೆ ಮಾತ್ರ. ಹೋಗಿಬರಲು ದಿನಕ್ಕೆ 2 ಗಂಟೆ ಎಂದರೂ 6 ದಿನಕ್ಕೆ 12 ಗಂಟೆಯಾಯಿತಲ್ಲ! ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಸ್ಸಿಳಿದ ಮೇಲೂ ಕಿವಿ 'ಗುಂಯ್' ಎನ್ನುತ್ತಿದ್ದರೆ ದನಿ ಅತಿಯಾಯಿತೆಂದೇ ತಿಳಿಯಿರಿ.

ಕೊಳ್ಳುವುದಾದರೆ ಹೊರಗಿನ ಸದ್ದು ತಡೆಯುವಂಥದ್ದು ಒಳ್ಳೆಯದು. ಸಣ್ಣ ದನಿಯಲ್ಲೇ ಹಾಡು ಕೇಳುತ್ತದೆ. ಆದರೆ ರಸ್ತೆ ದಾಟುವಾಗ ಅದೇ ಗಂಡಾಂತರ, ತೆಗೆದು ಚೀಲಕ್ಕೆ ಹಾಕಿ.

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಗಾಯನಕ್ಕೆ ಮಾತ್ರ ನನ್ನ ಮತ ಸ್ಪೀಕರಿಗೇ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ನಮ್ಮ ಮನೆಗಳಲ್ಲಿ ಸಂಗೀತ ಕಲಿಯದವರ ಕಿವಿಗೂ ರಾಗ ಬಿದ್ದದ್ದು ನಡುಮನೆಯ ರೇಡಿಯೋದಿಂದ. ರೊಟ್ಟಿ ಬಡಿಯುತ್ತಲೇ ಅವ್ವ, "ಅದ್ಯಾವ ರಾಗಪಾ?" ಅಂತ ಕೇಳುತ್ತಿದ್ದಳು. ಈಗ ಮಗನ ಕಿವಿಯಲ್ಲಿ ಏನು ನಡೆದಿದೆಯೋ, ಅವಳಿಗೆ ಗೊತ್ತಾಗುವುದಾದರೂ ಹೇಗೆ?