32 ಜಿಬಿ ಅಂದ್ರೆ ಎಷ್ಟು ಜಿಬಿ?

ನಾಗರಬಾವಿ ಎರಡನೇ ಹಂತದಲ್ಲಿ ಹೊಸ ಮನೆ ಕಟ್ಟಿಸೋರನ್ನ ಸಂಪು ಎಷ್ಟು ದೊಡ್ಡದು ಅಂತ ಕೇಳಿ ನೋಡಿ. ನಾಲ್ಕು ಜನರ ಸಂಸಾರಕ್ಕೆ 12,000 ಲೀಟರ್ ಅಂತಾರೆ. ಅಷ್ಟೊಂದು ಯಾಕೆ ಅಂದರೆ ನಿಮ್ಮನ್ನೇ ಒಂಥರಾ ನೋಡ್ತಾರೆ. ಕಾವೇರಿ ನೀರು ಬಂದರೆ ದಿನ ಬಿಟ್ಟು ದಿನ, ಒಮ್ಮೊಮ್ಮೆ ಅದೂ ಇಲ್ಲ. 2024ರ ಮಾರ್ಚ್ ಯಾರಿಗೂ ಮರೆತಿಲ್ಲ. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ ತಿಂಗಳು ಅದು. (ಹೆಸರಲ್ಲೇ ಬಾವಿ ಇಟ್ಟುಕೊಂಡ ಬಡಾವಣೆಯ ಪಾಡು ಇದು.) ಈ ಜನರನ್ನ ದುರಾಸೆಯವರು ಅನ್ನೋಕೆ ನನಗಂತೂ ಬಾಯಿ ಬರಲ್ಲ. ನೀರು ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅಂತ ಯಾರೂ ಹೇಳದ ಊರಲ್ಲಿ ದೊಡ್ಡ ಸಂಪು ಕಟ್ಟಿಸೋದೇ ಜಾಣತನ.

ಅದೇ ಮನೆಯ ಮೇಲಿನ ಮಹಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗಿ ತನ್ನ ಅಪ್ಲಿಕೇಶನ್‌ಗೊಂದು ವರ್ಚುವಲ್ ಮಷಿನ್ ಬೇಕು ಅಂತ ಟಿಕೆಟ್ ಹಾಕ್ತಾಳೆ. 8 ಜಿಬಿ ಮೆಮೊರಿ ಸಾಕಾಗೋ ಕಡೆ 32 ಅಂತ ಬರೀತಾಳೆ. ತಕ್ಷಣ ಇನ್‌ಫ್ರಾ ಕಡೆಯಿಂದ ಉಪದೇಶ ಶುರು. ಡೆವಲಪರ್‌ಗಳಿಗೆ ಶಿಸ್ತಿಲ್ಲ, ಮೆಮೊರಿ ಪುಕ್ಕಟೆ ಸಿಗುತ್ತೆ ಅಂದ್ಕೊಂಡಿದ್ದಾರೆ, ಅದಕ್ಕೇ ನಾವು ಎಲ್ಲಾ ವಿಎಂಗಳನ್ನೂ ಡೈನಾಮಿಕ್ ಮಾಡಿಬಿಟ್ಟಿದ್ದೀವಿ!

ನನ್ನ ತಕರಾರು ಈ ಉಪದೇಶದ ಮೇಲೆ. ಡೈನಾಮಿಕ್ ಮೆಮೊರಿ ಒಳ್ಳೇ ಉಪಾಯ, ಅದನ್ನ ಕಂಡುಹಿಡಿದವರಿಗೆ ಕೈಮುಗೀತೀನಿ. ಆದರೆ ಯಾರ ಮೆಮೊರಿ ಕಿತ್ಕೋತೀವಿ, ಎಷ್ಟು ಕಿತ್ಕೋತೀವಿ ಅಂತ ಹೇಳದೆ ಅದನ್ನ ಬಳಸೋದು ಮೋಸ.

ಒಂದು ಸರ್ವರ್‌ನಲ್ಲಿ 256 ಜಿಬಿ ಮೆಮೊರಿ ಇದೆ ಅಂದ್ಕೊಳ್ಳಿ. ಅದರ ಮೇಲೆ ತಲಾ 32 ಜಿಬಿ ಅಂತ ಹೇಳಿ ಹದಿನೈದು ವಿಎಂ ಕೂರಿಸಿದ್ದಾರೆ. ಲೆಕ್ಕ 480 ಆಯ್ತು. ವಿಎಂವೇರ್‌ನ ಇಎಸ್‌ಎಕ್ಸ್ ಆಗಲಿ, ಲಿನಕ್ಸ್‌ನ ಕೆವಿಎಂ ಆಗಲಿ ಇದನ್ನ ಆರಾಮಾಗಿ ಒಪ್ಪಿಕೊಳ್ಳುತ್ತೆ. ಯಾಕಂದ್ರೆ ವಿಎಂ ಒಂದು ಪೇಜನ್ನ ಮೊದಲ ಸಲ ಮುಟ್ಟೋ ತನಕ ಹೋಸ್ಟ್ ಅದಕ್ಕೆ ನಿಜವಾದ ಮೆಮೊರಿ ಕೊಡೋದೇ ಇಲ್ಲ. ಇಲ್ಲಿವರೆಗೆ ತೊಂದರೆ ಏನಿಲ್ಲ, ಎಲ್ಲರೂ ಒಂದೇ ಗಳಿಗೆಯಲ್ಲಿ ನಲ್ಲಿ ತಿರುಗಿಸಲ್ಲ. ತೊಂದರೆ ವಾಪಸ್ ಪಡೆಯೋವಾಗ ಬರುತ್ತೆ. ವಿಎಂ ಒಳಗಿನ ಆಪರೇಟಿಂಗ್ ಸಿಸ್ಟಮ್, ಅಂದರೆ ಗೆಸ್ಟ್, ಒಂದು ಪೇಜಿನ ಕೆಲಸ ಮುಗಿಸಿದ ಮೇಲೆ ಹೋಸ್ಟ್‌ಗೆ ಹೇಳೋದಿಲ್ಲ. ತಾನು ನಿಜವಾದ ಯಂತ್ರದ ಮೇಲೇ ಕೂತಿದ್ದೀನಿ ಅಂತ ಅದರ ನಂಬಿಕೆ. ಖಾಲಿಯಾದ ಬಿಂದಿಗೆ ಯಾವುದು, ತುಂಬಿದ್ದು ಯಾವುದು ಅಂತ ಹೊರಗಿನವರಿಗೆ ಕಾಣೋದಿಲ್ಲ.

2002ರಲ್ಲಿ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ ಬರೆದ ಪ್ರಬಂಧದಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಇದೆ. ಗೆಸ್ಟ್ ಒಳಗೆ ಒಂದು ಪುಟ್ಟ ಡ್ರೈವರ್ ಕೂರಿಸೋದು, ಅದರ ಹೆಸರು ಬಲೂನ್. ಹೋಸ್ಟ್‌ಗೆ ಮೆಮೊರಿ ಸಾಲದಾದಾಗ ಈ ಡ್ರೈವರ್‌ಗೆ ಊದಿಕೋ ಅನ್ನುತ್ತೆ. ಡ್ರೈವರ್ ತನ್ನ ಗೆಸ್ಟ್ ಹತ್ತಿರ ಹೋಗಿ ನನಗೆ 4 ಜಿಬಿ ಬೇಕು ಅಂತ ಕೇಳುತ್ತೆ. ಗೆಸ್ಟ್ ನಂಬುತ್ತೆ. ತನಗೆ ಅಷ್ಟಾಗಿ ಬೇಡದ ಪೇಜುಗಳನ್ನ ತಾನೇ ಆರಿಸಿ ಖಾಲಿ ಮಾಡಿ ಕೊಡುತ್ತೆ. ಡ್ರೈವರ್ ಅವನ್ನ ಹಿಡಿದಿಟ್ಟುಕೊಂಡು ಅವುಗಳ ನಂಬರನ್ನ ಹೋಸ್ಟ್‌ಗೆ ಹೇಳುತ್ತೆ, ಹೋಸ್ಟ್ ಆ ಮೆಮೊರಿಯನ್ನ ಪಕ್ಕದ ವಿಎಂಗೆ ಹಂಚುತ್ತೆ. ಯಾವುದನ್ನ ಬಿಡಬೇಕು ಅಂತ ಮನೆಯವರೇ ತೀರ್ಮಾನಿಸ್ತಾರಲ್ಲ, ಅದೇ ಇದರ ಚೆಲುವು.

ಬಲೂನ್ ಸಾಲದೇ ಹೋದರೆ? ಆಗ ಹೋಸ್ಟ್ ತಾನೇ ಪೇಜುಗಳನ್ನ ಎತ್ತಿ ಡಿಸ್ಕ್‌ಗೆ ಹಾಕುತ್ತೆ, ಅದೂ ಕಣ್ಣುಮುಚ್ಚಿಕೊಂಡು. ಇದರಲ್ಲೊಂದು ತಮಾಷೆಯ ಫಜೀತಿ ಇದೆ. ಹೋಸ್ಟ್ ಈಗಾಗಲೇ ಡಿಸ್ಕ್‌ಗೆ ಹಾಕಿದ ಪೇಜನ್ನೇ ಗೆಸ್ಟ್ ಕೂಡ ಇದು ಬೇಡ ಅಂತ ತನ್ನ ಸ್ವಾಪ್‌ಗೆ ಬರೆಯೋಕೆ ಹೊರಡಬಹುದು. ಹಾಗೆ ಬರೆಯಬೇಕಾದರೆ ಹೋಸ್ಟ್ ಅದನ್ನ ಮೊದಲು ಡಿಸ್ಕ್‌ನಿಂದ ವಾಪಸ್ ತರಬೇಕು. ಎಸೆಯೋಕೆ ಅಂತಲೇ ತರೋದು! ಸರ್ಕಾರಿ ಕಚೇರಿಯ ಕಡತ ಕೂಡ ಇದಕ್ಕಿಂತ ನೆಟ್ಟಗೆ ಓಡಾಡುತ್ತೆ.

ಯಾವ ವಿಎಂ ಸುಮ್ಮನೆ ಕೂತಿದೆ ಅನ್ನೋದನ್ನೂ ಆ ಪ್ರಬಂಧ ಲೆಕ್ಕ ಹಾಕುತ್ತೆ. ಪ್ರತಿ ವಿಎಂನಲ್ಲಿ 30 ಸೆಕೆಂಡಿಗೊಮ್ಮೆ ನೂರು ಪೇಜುಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿ, ಅದರಲ್ಲಿ ಎಷ್ಟನ್ನ ಮುಟ್ಟಿದ್ದಾರೆ ಅಂತ ನೋಡೋದು. ಮುಟ್ಟದ ಮೆಮೊರಿಗೆ ತೆರಿಗೆ, ಡೀಫಾಲ್ಟ್ ದರ ಶೇ. 75. ಅಂದರೆ ಕೊರತೆ ಬಂದಾಗ ಸುಮ್ಮನೆ ಬಿದ್ದಿರೋ ಒಂದು ಪೇಜು ಕೆಲಸದಲ್ಲಿರೋ ನಾಲ್ಕು ಪೇಜಿನಷ್ಟು ದುಬಾರಿ ಅಂತ ಲೆಕ್ಕ. ಬುದ್ಧಿವಂತಿಕೆ ನಿಜ. ಆದರೆ ಸಂಬಳದ ಲೆಕ್ಕ ಹಾಕೋ ಸಾಫ್ಟ್‌ವೇರ್ ತಿಂಗಳಲ್ಲಿ 27 ದಿನ ಸೋಮಾರಿ ಥರಾನೇ ಕಾಣುತ್ತೆ. ಉಳಿದ ಮೂರು ದಿನ ಅದಕ್ಕೆ ಅಷ್ಟೂ ಮೆಮೊರಿ ಈಗಿಂದೀಗಲೇ ಬೇಕು, ಅಷ್ಟರಲ್ಲಿ ಅದು ಬೇರೆಯವರ ಮನೆ ಸೇರಿರುತ್ತೆ. ಜಾವಾ ಇನ್ನೂ ಕಷ್ಟ. ಹೀಪ್ ಅರ್ಧ ದಿನ ಸುಮ್ಮನಿದ್ದು, ಗಾರ್ಬೇಜ್ ಕಲೆಕ್ಷನ್ ಶುರುವಾದ ಗಳಿಗೆಯಲ್ಲಿ ಮೂಲೆಮೂಲೆಯನ್ನೂ ತಡಕಾಡುತ್ತೆ. ಅದಕ್ಕೇ ಜಾವಾ ಓಡಿಸೋ ವಿಎಂಗೆ ಮೆಮೊರಿ ಪೂರ್ತಿ ಕಾಯ್ದಿರಿಸಿ ಅಂತ ವಿಎಂವೇರ್ ತಾನೇ ಹೇಳುತ್ತೆ. ಎಕ್ಸ್‌ಚೇಂಜ್ ಮೇಲ್ ಸರ್ವರ್‌ಗೆ ಡೈನಾಮಿಕ್ ಮೆಮೊರಿ ಬೆಂಬಲಿಸಲ್ಲ ಅಂತ ಮೈಕ್ರೋಸಾಫ್ಟ್ ಬರೆದಿಟ್ಟಿದೆ. ಮಾಡಿದವರೇ ಬೇಡ ಅಂದ ಕಡೆ ನಮ್ಮವರು 'ಎಲ್ಲಾ ವಿಎಂ ಡೈನಾಮಿಕ್' ಅಂತ ಹೆಮ್ಮೆಪಡ್ತಾರೆ.

ಮೈಕ್ರೋಸಾಫ್ಟ್‌ನ ಹೈಪರ್-ವಿ ದಾರಿ ಸ್ವಲ್ಪ ಬೇರೆ. 2011ರಲ್ಲಿ ವಿಂಡೋಸ್ ಸರ್ವರ್ 2008 ಆರ್2ರ ಮೊದಲ ಸರ್ವಿಸ್ ಪ್ಯಾಕ್ ಜೊತೆ ಬಂದದ್ದು. ವಿಎಂ ಎದ್ದು ನಿಲ್ಲೋಕೆ ಒಂದಿಷ್ಟು ಮೆಮೊರಿ ಕೊಟ್ಟು, ಕೇಳಿದ ಹಾಗೆ ಮೇಲಿಂದ ಸೇರಿಸ್ತಾ ಹೋಗುತ್ತೆ, ಬೇಕಾದಾಗ ಬಲೂನ್ ಊದಿ ವಾಪಸ್ ಪಡೆಯುತ್ತೆ. ಸೆಟ್ಟಿಂಗ್‌ನಲ್ಲಿ ಕನಿಷ್ಠ, ಗರಿಷ್ಠ, ಬಫರ್ ಅಂತ ಇರುತ್ತೆ. ಶೇ. 20ರ ಬಫರ್ ನೋಡಿ ಖುಷಿಪಡಬೇಡಿ, ಹೋಸ್ಟ್‌ನಲ್ಲಿ ಮಿಕ್ಕಿದ್ದರೆ ಮಾತ್ರ ಅದು ಸಿಗೋದು. ಇಡೀ ಪರದೆಯಲ್ಲಿ ನಿಜವಾದ ಮಾತುಕೊಟ್ಟಿರೋದು 'ಕನಿಷ್ಠ' ಅನ್ನೋ ಒಂದೇ ಸಾಲು. ಅದನ್ನ ಯಾರೂ ಮುಟ್ಟದಿದ್ದರೆ ಡೀಫಾಲ್ಟ್ 512 ಎಂಬಿ, ಗರಿಷ್ಠ 1 ಟಿಬಿ. ನೆಕ್ಸ್ಟ್ ನೆಕ್ಸ್ಟ್ ಫಿನಿಶ್ ಒತ್ತಿದವರು ಕೊಟ್ಟ ಭರವಸೆ ಅಂದರೆ ಅರ್ಧ ಜಿಬಿ. ಮೇಲಿನ ಮಹಡಿಯ ಹುಡುಗಿಗೆ ಈ ಸಾಲು ಕಾಣೋದೇ ಇಲ್ಲ.

ಅವಳಿಗೆ ಕಾಣೋದು ಇನ್ನೊಂದು. ಬಲೂನ್ ಹಿಡಿದಿಟ್ಟ ಮೆಮೊರಿ ಗೆಸ್ಟ್‌ನ ಲೆಕ್ಕದಲ್ಲಿ 'ಬಳಕೆಯಲ್ಲಿದೆ' ಅಂತಲೇ ಬರುತ್ತೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಮೆಮೊರಿ ತುಂಬಿ ತುಳುಕುತ್ತಿದೆ, ಆದರೆ ಪ್ರೋಸೆಸ್‌ಗಳನ್ನೆಲ್ಲಾ ಕೂಡಿಸಿದರೆ ಅರ್ಧವೂ ಆಗಲ್ಲ. ಮ್ಯಾನೇಜರ್ ಮೀಟಿಂಗ್ ಕರೀತಾನೆ, ನಿನ್ನ ಕೋಡ್‌ನಲ್ಲಿ ಮೆಮೊರಿ ಲೀಕ್ ಇದೆ ಅಂತಾನೆ. ಅವಳು ವಾರಗಟ್ಟಲೆ ಹೀಪ್ ಡಂಪ್ ತೆಗೆದು ಇಲ್ಲದ ತೂತು ಹುಡುಕ್ತಾಳೆ. ರಾತ್ರಿ ಎರಡು ಗಂಟೆಗೆ ಫೋನ್ ಬರೋದು ಅವಳಿಗೇ, ಅಪ್ರೈಸಲ್‌ನಲ್ಲಿ 'ಪರ್ಫಾರ್ಮೆನ್ಸ್ ಕಡೆ ಗಮನ ಸಾಲದು' ಅಂತ ಬರೆಸಿಕೊಳ್ಳೋದೂ ಅವಳೇ. ಗೆಸ್ಟ್‌ಗೆ ಸುಳ್ಳು ಹೇಳೋದು ಈ ತಂತ್ರದ ಜೀವ, ಅದು ಸಾಫ್ಟ್‌ವೇರ್, ಬೇಜಾರು ಮಾಡ್ಕೊಳ್ಳಲ್ಲ. ಅದೇ ಸುಳ್ಳನ್ನ ಮನುಷ್ಯರಿಗೂ ಹೇಳಿ ಅಂತ ಆ ಪ್ರಬಂಧದಲ್ಲಿ ಎಲ್ಲೂ ಇಲ್ಲ.

ಮುಂದಿನ ಸಲ ಅವಳು ಏನು ಮಾಡ್ತಾಳೆ? 32ರ ಬದಲು 64 ಕೇಳ್ತಾಳೆ. ಪಕ್ಕದ ಟೀಮಿನವನೂ ಕೇಳ್ತಾನೆ. ಇನ್‌ಫ್ರಾದವರು ಹೇಗೂ ಯಾರೂ ಬಳಸಲ್ಲ ಅಂತ ಇನ್ನೂ ಹತ್ತು ವಿಎಂ ತುರುಕ್ತಾರೆ. ಸಂಪು ದೊಡ್ಡದಾಗ್ತಾ ಹೋಗುತ್ತೆ, ನೀರು ಅಷ್ಟೇ ಇರುತ್ತೆ.

ಇನ್‌ಫ್ರಾ ಹುಡುಗರ ಮೇಲೆ ನನಗೆ ಹೊಟ್ಟೆಯುರಿ ಏನಿಲ್ಲ, ಅವರ ಕುತ್ತಿಗೆ ಮೇಲೂ ಕಾಲಿದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನ ಕೊಂಡುಕೊಂಡು, ಮರು ತಿಂಗಳೇ ಒಮ್ಮೆ ಕೊಂಡರೆ ಸಾಕು ಅನ್ನೋ ಲೈಸೆನ್ಸ್ ಮಾರೋದನ್ನ ನಿಲ್ಲಿಸಿತು. ಈಗ ಕೋರ್ ಲೆಕ್ಕದಲ್ಲಿ ಚಂದಾ ಕಟ್ಟಬೇಕು. ಹಾಗಾದಾಗ ಕಮ್ಮಿ ಹೋಸ್ಟ್ ಮೇಲೆ ಜಾಸ್ತಿ ವಿಎಂ ತುರುಕು ಅನ್ನೋ ಒತ್ತಡ ಮೇಲಿಂದ ಬಂದೇ ಬರುತ್ತೆ. ಸರಿ, ತುರುಕಿ. ತುರುಕಿದ್ದೀವಿ ಅಂತ ಹೇಳಿ.

ಹೇಳಿಬಿಟ್ಟರೆ ಎಲ್ಲರೂ ಫಿಕ್ಸೆಡ್ ಮೆಮೊರಿಯೇ ಬೇಕು ಅಂತ ಹಠ ಹಿಡೀತಾರೆ ಅನ್ನೋದು ಇವರ ಮಾಮೂಲಿ ವಾದ. ಹೊರಗೆ ವ್ಯಾಪಾರ ಮಾಡೋರನ್ನ ನೋಡಿ. ಅಮೆಜಾನ್‌ನ ಇಸಿ2ನಲ್ಲಿ 32 ಜಿಬಿ ಅಂದರೆ ನಿಮಗೇ ಮೀಸಲಿಟ್ಟ 32, ಅದಕ್ಕೆ ತಕ್ಕ ದುಡ್ಡು. ಗೂಗಲ್ ಕ್ಲೌಡ್‌ನ ಇ2 ಮಷಿನ್‌ಗಳಲ್ಲಿ ಬಲೂನ್ ಇದೆ, ಇದೆ ಅಂತ ಅವರ ದಾಖಲೆಯಲ್ಲೇ ಬರೆದಿದ್ದಾರೆ, ದರವೂ ಕಮ್ಮಿ. ಗೊತ್ತಿದ್ದೂ ಜನ ತಗೋತಾರೆ, ಟೆಸ್ಟ್ ಸರ್ವರ್‌ಗೆ ಅಷ್ಟು ಸಾಕು. ಹೊರಗಿನ ಗಿರಾಕಿಗೆ ಸಿಗೋ ಈ ಮರ್ಯಾದೆ ಆಫೀಸಿನ ಒಳಗಿನವರಿಗೆ ಯಾಕೆ ಸಿಗಬಾರದು?

ಆದ್ದರಿಂದ ಟಿಕೆಟ್‌ನಲ್ಲಿ ಒಂದೇ ಅಂಕಿ ಬರೆಯೋದು ನಿಲ್ಲಿಸಿ. ಎರಡು ಕೇಳಿ. ಖಾತ್ರಿಯಾಗಿ ಎಷ್ಟು, ಸಿಕ್ಕರೆ ಎಷ್ಟು. ಖಾತ್ರಿ 12 ಅಂತ ಬರೆದುಕೊಟ್ಟರೆ ಅವಳು 32ರ ಗೋಜಿಗೇ ಹೋಗಲ್ಲ. ಡೇಟಾಬೇಸು, ಜಾವಾ ಇರೋ ಕಡೆ ಎರಡೂ ಅಂಕಿ ಒಂದೇ ಆಗಿರಲಿ. ಬಲೂನ್ ಎಷ್ಟು ಊದಿದೆ ಅನ್ನೋ ಗ್ರಾಫ್ ಇನ್‌ಫ್ರಾದವರ ಪರದೆಯಲ್ಲಿ ಮಾತ್ರ ಇದ್ದರೆ ಸಾಲದು, ಅಪ್ಲಿಕೇಶನ್ ನೋಡಿಕೊಳ್ಳೋರ ಪರದೆಗೂ ಬರಲಿ.

ಅದು ಬರೋ ತನಕ ನೀವೇ ನೋಡ್ಕೋಬಹುದು. ವಿಎಂವೇರ್ ಟೂಲ್ಸ್ ಹಾಕಿರೋ ಗೆಸ್ಟ್‌ನಲ್ಲಿ ಅದರ ಟೂಲ್‌ಬಾಕ್ಸ್ ಕಮಾಂಡಿಗೆ 'ಸ್ಟ್ಯಾಟ್ ಬಲೂನ್' ಅಂತ ಕೊಟ್ಟರೆ ಎಷ್ಟು ಎಂಬಿ ಊದಿದೆ ಅಂತ ಹೇಳುತ್ತೆ. 'ಸ್ಟ್ಯಾಟ್ ಸ್ವಾಪ್' ಅಂದರೆ ಹೋಸ್ಟ್ ಡಿಸ್ಕ್‌ಗೆ ಹಾಕಿದ್ದೆಷ್ಟು ಅನ್ನೋದು ಬರುತ್ತೆ. ಮುಂದಿನ ಸಲ ಲೀಕ್ ಅಂತ ಯಾರಾದರೂ ಕೂಗಿದಾಗ ಕೋಡ್ ಮುಟ್ಟೋ ಮುಂಚೆ ಇವೆರಡನ್ನ ಓಡಿಸಿ. ಸೊನ್ನೆ ಬರದಿದ್ದರೆ, ಬಂದ ಅಂಕಿಯನ್ನ ಹಾಗೇ ಟಿಕೆಟ್‌ಗೆ ಅಂಟಿಸಿ, ಮ್ಯಾನೇಜರ್‌ಗೂ ಒಂದು ಕಾಪಿ ಹಾಕಿ.